ತಲಾಖ್ ಆಗಿದೆ ಎಂಬ ಒಂದು ಸಾಲಿನ ಮೇಲೆ ಪಿಂಚಣಿ ತಡೆಯುವುದು ಅನ್ಯಾಯ

ಪರಿಚಯದ ಹೆಣ್ಣುಮಗಳೊಬ್ಬರು, ತೀರಿಹೋದ ಗಂಡನ ಕುಟುಂಬ ಪಿಂಚಣಿಗೆ ಹಾಕಿದ ಅರ್ಜಿ ವಾಪಸ್ ಬಂದಿದೆ ಎಂದು ಕಳೆದ ತಿಂಗಳು ಕಾಗದಗಳ ಚೀಲ ಹಿಡಿದು ಮನೆಗೆ ಬಂದಿದ್ದರು. ಮಡಿಕೆಯ ಗೆರೆಯಲ್ಲಿ ಹರಿದು, ಹಿಂದಿನಿಂದ ಟೇಪು ಅಂಟಿಸಿದ್ದ ಉರ್ದು ನಿಕಾಹ್‌ನಾಮಾ, ಅಂದರೆ ಮದುವೆಯ ಕರಾರು ಪತ್ರ. ಅದರ ಮೇಲೆ ಕಚೇರಿಯ ಹಿಂಬರಹ: ‘ಸದರಿ ನೌಕರರು ಪತ್ನಿಗೆ ತಲಾಖ್ ನೀಡಿರುವುದಾಗಿ ಈ ಹಿಂದೆಯೇ ತಿಳಿಸಿರುತ್ತಾರೆ.’ ತಲಾಖ್ ಯಾವಾಗ ಆಯಿತು, ಯಾರ ಎದುರು ಆಯಿತು, ಮೆಹರ್ (ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಲು ಒಪ್ಪಿದ ಹಣ) ಸಂದಾಯವಾಯಿತೇ ಎಂಬ ಒಂದು ಮಾತೂ ಅದರಲ್ಲಿರಲಿಲ್ಲ. ಅಂಥದ್ದೊಂದು ನಡೆದಿದೆಯಂತೆ ಎಂದು ಆಕೆಗೆ ತಿಳಿದದ್ದೇ ಆ ಹಿಂಬರಹವನ್ನು ಓದಿಸಿಕೊಂಡಾಗ.

ಇಂಥ ಬರಿಯ ಹೇಳಿಕೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಶಮೀಮ್ ಆರಾ ಪ್ರಕರಣದಲ್ಲಿ, 1987ರಲ್ಲೇ ತಲಾಖ್ ಕೊಟ್ಟಾಗಿದೆ ಎಂದು ಗಂಡ 1990ರಲ್ಲಿ ನ್ಯಾಯಾಲಯಕ್ಕೆ ಲಿಖಿತ ಹೇಳಿಕೆ ಸಲ್ಲಿಸಿದ್ದ. 2002ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ತಲಾಖಿಗೆ ಸಕಾರಣವಿರಬೇಕು, ಮೊದಲು ಎರಡೂ ಕಡೆಯವರ ಮೂಲಕ ರಾಜಿಯ ಪ್ರಯತ್ನ ನಡೆದಿರಬೇಕು, ತಲಾಖ್ ಹೇಳಿದ್ದು ಸಾಕ್ಷ್ಯದಿಂದ ಸಾಬೀತಾಗಬೇಕು ಎಂದಿತು. ಒಂದೇ ಉಸಿರಿನ ಮೂರು ತಲಾಖಂತೂ 2017ರಲ್ಲೇ ಅಸಿಂಧುವಾಗಿದ್ದು, 2019ರ ಕಾಯ್ದೆಯ ಪ್ರಕಾರ ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧವಾಗಿದೆ.

ಇನ್ನು ಕುಟುಂಬ ಪಿಂಚಣಿ ಗಂಡನ ಆಸ್ತಿಯೇ ಅಲ್ಲ. ಆಸ್ತಿಯಾದರೆ ಮುಸ್ಲಿಂ ಕಾನೂನಿನ ಪ್ರಕಾರ ಮಕ್ಕಳಿರುವ ವಿಧವೆಗೆ ಎಂಟನೇ ಒಂದು ಪಾಲು ಬರುತ್ತದೆ. ಪಿಂಚಣಿ ಆ ಲೆಕ್ಕಕ್ಕೆ ಸೇರದು. ನೌಕರ ಅದನ್ನು ಉಯಿಲು ಬರೆದು ಬೇರೆಯವರಿಗೆ ಕೊಡಲಾಗದು ಎಂದು ವಯಲೆಟ್ ಐಸಾಕ್ ಪ್ರಕರಣದಲ್ಲಿ 1991ರಲ್ಲೇ ತೀರ್ಪಾಗಿದೆ. ಉಯಿಲಿನಿಂದಲೇ ತಪ್ಪಿಸಲಾಗದ ಹಕ್ಕನ್ನು ಕಚೇರಿಗೆ ಕೊಟ್ಟ ಒಂದು ಪತ್ರದಿಂದ ತಪ್ಪಿಸಲು ಹೇಗೆ ಸಾಧ್ಯ? ಎರಡನೇ ಹೆಂಡತಿ ಇದ್ದಾರೆ ಎಂಬ ನೆಪವೂ ನಿಲ್ಲುವುದಿಲ್ಲ. ಕೇಂದ್ರದ ಪಿಂಚಣಿ ನಿಯಮಗಳಲ್ಲಿ ಒಬ್ಬರಿಗಿಂತ ಹೆಚ್ಚು ವಿಧವೆಯರಿದ್ದರೆ ಸಮಪಾಲು ಎಂದೇ ಇದೆ.

ತಲಾಖ್ ವಿಧಿಪ್ರಕಾರ ನಡೆದು ಇದ್ದತ್ (ತಲಾಖಿನ ನಂತರ ಹೆಂಡತಿ ಕಾಯಬೇಕಾದ ಅವಧಿ) ಮುಗಿದಿದ್ದರೆ ಆಕೆ ವಿಧವೆಯಲ್ಲ, ಪಿಂಚಣಿಯೂ ಬಾರದು. ಇದನ್ನು ನಾನು ಒಪ್ಪುತ್ತೇನೆ. ಆದರೆ ಅದನ್ನು ಸಾಬೀತುಪಡಿಸಬೇಕಾದವರು ತಲಾಖ್ ಆಗಿದೆ ಎನ್ನುವವರು. ಓದು ಬಾರದ ಹೆಂಗಸಿಗೆ ‘ತಲಾಖ್ ಆಗಿಲ್ಲವೆಂದು ಕೋರ್ಟಿನಿಂದ ಬರೆಸಿಕೊಂಡು ಬನ್ನಿ’ ಎಂದರೆ, ನಡೆಯದೇ ಇದ್ದುದಕ್ಕೆ ಆಕೆ ಎಲ್ಲಿಂದ ಸಾಕ್ಷಿ ತಂದಾರು? ಇದು ನನಗೆ ಸಹಿಸಲಾಗದ ಮಾತು.

ತಲಾಖಿನ ದಿನಾಂಕ, ಸಾಕ್ಷಿಗಳ ಹೆಸರು, ಪತ್ನಿಗೆ ತಿಳಿಸಿದ ದಾಖಲೆ, ಈ ಮೂರನ್ನೂ ಕೇಳಿ ಆ ಹಿಂಬರಹಕ್ಕೆ ಉತ್ತರ ಬರೆದೆವು. ಹೆಬ್ಬೆಟ್ಟು ಒತ್ತುವ ಮುನ್ನ ಆಕೆ ಎರಡು ಸಲ ಓದಿಸಿ ಕೇಳಿಸಿಕೊಂಡರು. ಸೋಮವಾರ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇವೆ.