ಶುಂಠಿಗೆ ಚಳಿ, ಮೆಣಸಿಗೂ ಚಳಿ

ಕರೆಂಟು ಹೋದ ಮರುದಿನ ಬೆಳಿಗ್ಗೆ ವಿದ್ಯುತ್ ಕಚೇರಿಗೆ ಫೋನು ಹೋಯಿತು. ಸಿಕ್ಕಿದ್ದೇ ಭಾಗ್ಯವೆಂದು ಒಂದೇ ಉಸಿರಿಗೆ, "ಸ್ವಾಮಿ, ಮನೆಯಲ್ಲಿ ಎರಡು ಹಾವುಗಳಿವೆ, ಬೇಗ ಏನಾದರೂ ಮಾಡಿ" ಎಂದೆ.

"ಹಾವು ಬಂದರೆ ಅರಣ್ಯ ಇಲಾಖೆಗೆ ಹೇಳಬೇಕು" ಎಂದಿತು ಆ ಕಡೆಯ ದನಿ.

"ಬಂದದ್ದಲ್ಲ, ನಮ್ಮವೇ. ಅವಕ್ಕೆ ಚಳಿಯಾಗುತ್ತಿದೆ."

ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ ಕೇಳಿಸಿತು. ಆಮೇಲೆ ಲೈನು ತಾನಾಗಿಯೇ ಕಡಿಯಿತೋ ಅವರೇ ಇಟ್ಟರೋ ತಿಳಿಯದು. ಅವರ ಜಾಗದಲ್ಲಿ ನಾನಿದ್ದರೆ ಅಷ್ಟು ಹೊತ್ತೂ ಕೇಳುತ್ತಿರಲಿಲ್ಲ.

ಹಾವುಗಳು ನನ್ನ ಮಗಳವು. ಬೆಂಗಳೂರಿನ ಕಂಪನಿಯ ಕೆಲಸವನ್ನು ಕೊಡಗಿನ ಚೇರಂಬಾಣೆ ಕಡೆಯ ನಮ್ಮ ತೋಟದ ಮನೆಯಲ್ಲೇ ಕುಳಿತು ಮಾಡುವವಳು ಅವಳು. ಬಾಲ್ ಪೈತಾನ್ ಎಂದು ಆ ಹಾವಿನ ಹೆಸರು. ಹೆಬ್ಬಾವಿನ ಬಳಗದಲ್ಲಿ ಗಿಡ್ಡ, ನಾಲ್ಕೈದು ಅಡಿಗೆ ನಿಂತುಬಿಡುತ್ತದೆ. ವಿಷವಿಲ್ಲ. ಹೆದರಿದರೆ ತಲೆಯನ್ನು ಒಳಗೆ ಹುದುಗಿಸಿಕೊಂಡು ಚೆಂಡಿನಂತೆ ಸುತ್ತಿಕೊಳ್ಳುತ್ತದೆ. ಒಂದು ಶುಂಠಿ, ಇನ್ನೊಂದು ಮೆಣಸು. ತೋಟದಲ್ಲಿ ಆ ಎರಡೂ ಬೆಳೆ ಕೈಕೊಟ್ಟ ವರ್ಷ ಇವು ಮನೆಯೊಳಗೆ ಬಂದವು.

ಅಂಗಳದಲ್ಲಿ ದಿನಾ ಹಾದುಹೋಗುವ ಕೇರೆಹಾವನ್ನು ಹಿಡಿದು ಸಾಕಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಪಶ್ಚಿಮ ಆಫ್ರಿಕಾದ ಈ ಅತಿಥಿಗಳನ್ನು ಸಾಕಬಹುದು. ಆದರೆ 2024ರ ನಿಯಮದಂತೆ ಸರ್ಕಾರದ ಜಾಲತಾಣದಲ್ಲಿ ನೋಂದಾಯಿಸಬೇಕು. ಮಗಳು ನೋಂದಾಯಿಸಿದ್ದಾಳೆ. ನಮ್ಮ ತೋಟದ ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದೆ. ಈ ಮನೆಯಲ್ಲಿ ಕಾಗದಪತ್ರ ಚೊಕ್ಕವಾಗಿರುವುದು ಹಾವುಗಳದ್ದು ಮಾತ್ರ.

ಜುಲೈ ಕೊನೆಯಲ್ಲಿ ಮಗಳು ಹತ್ತು ದಿನಕ್ಕೆಂದು ಬೆಂಗಳೂರಿಗೆ ಹೋದಳು. ಅವಳು ಹೋದ ಮೂರನೆಯ ರಾತ್ರಿ ಗಾಳಿಗೆ ನಮ್ಮದೇ ತೋಟದ ಸಿಲ್ವರ್ ಮರ, ಹಬ್ಬಿದ್ದ ಮೆಣಸಿನ ಬಳ್ಳಿಯ ಸಮೇತ ತಂತಿಯ ಮೇಲೆ ಮಲಗಿತು. ನಮ್ಮ ಕಡೆ ಇದು ಸುದ್ದಿಯಲ್ಲ. ಮಳೆಗಾಲದಲ್ಲಿ ಕರೆಂಟು ಎನ್ನುವುದು ನೆಂಟರ ಹಾಗೆ, ಬಂದಾಗ ಸಂತೋಷ. ಇನ್ವರ್ಟರ್ ಇತ್ತು. ಹಾವಿನ ಪೆಟ್ಟಿಗೆಯಡಿಯ ಎರಡು ಹೀಟ್ ಮ್ಯಾಟ್ ಸೇರಿದರೂ ಒಂದು ಹಳೆಯ ಬಲ್ಬಿನಷ್ಟು ಕರೆಂಟು ಎಳೆಯುವುದಿಲ್ಲವಂತೆ. ಅವಕ್ಕಷ್ಟೇ ಬಿಟ್ಟಿದ್ದರೆ ಹೇಗೋ ಸಾಗುತ್ತಿತ್ತು. ಆ ರಾತ್ರಿ ಟಿವಿಯಲ್ಲಿ ಕ್ರಿಕೆಟ್ ಇತ್ತು. ಹೆಚ್ಚು ಹೇಳುವುದಿಲ್ಲ. ಹದಿನೇಳನೆಯ ಓವರಿನಲ್ಲಿ ಇನ್ವರ್ಟರ್ ಕೀ ಕೀ ಎಂದು ಕೂಗಿ ಸುಮ್ಮನಾಯಿತು.

ಬೆಳಿಗ್ಗೆ ನೋಡಿದರೆ ಪೆಟ್ಟಿಗೆಯ ಥರ್ಮಾಮೀಟರ್ 22 ಡಿಗ್ರಿ ತೋರಿಸುತ್ತಿತ್ತು. ಬೆಚ್ಚಗಿನ ಮೂಲೆ 31ರಿಂದ 33, ತಂಪು ಮೂಲೆ 25ರ ಆಸುಪಾಸು ಇರಬೇಕು ಎಂದು ಮಗಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಶುಂಠಿ ಮುಟ್ಟಿದರೆ ಫ್ರಿಜ್ಜಿನಿಂದ ತೆಗೆದ ಸೌತೆಕಾಯಿಯ ಹಾಗಿತ್ತು. ನನ್ನಾಕೆ ಕರುಳು ಚುರ್ ಎಂದು ತನ್ನ ಉಣ್ಣೆಯ ಶಾಲನ್ನು ತಂದು ಅದಕ್ಕೆ ಹೊದಿಸಿದಳು. ಒಂದು ಗಂಟೆ ಬಿಟ್ಟು ಮುಟ್ಟಿದರೆ ಅದೇ ಸೌತೆಕಾಯಿ, ಶಾಲು ಹೊದ್ದ ಸೌತೆಕಾಯಿ.

ಮೊಬೈಲ್ ಸಿಗ್ನಲ್ಲೂ ಹೋಗಿದ್ದರಿಂದ ಕೊಡೆ ಹಿಡಿದು ಮನೆಯ ಹಿಂದಿನ ಗುಡ್ಡ ಹತ್ತಿ ಮಗಳಿಗೆ ಫೋನು ಮಾಡಿದೆ. "ಅಪ್ಪ, ಶಾಲು ನಮ್ಮ ಮೈಯ ಬಿಸಿಯನ್ನು ಹಿಡಿದಿಡುತ್ತದೆ. ಹಾವಿಗೆ ತನ್ನದೆಂಬ ಬಿಸಿಯೇ ಇಲ್ಲ. ಏನನ್ನು ಹಿಡಿದಿಡಬೇಕು ಅದು?" ಎಂದಳು. ಮೇಷ್ಟರಾಗಿ ಮೂವತ್ತು ವರ್ಷ ಮಕ್ಕಳಿಗೆ ಶೀತರಕ್ತ ಪ್ರಾಣಿಗಳೆಂದು ಕಪ್ಪುಹಲಗೆಯ ಮೇಲೆ ಬರೆದವನು ನಾನು. ಅಂಡರ್‌ಲೈನ್ ಕೂಡ ಮಾಡುತ್ತಿದ್ದೆ.

ಅವಳ ಅಪ್ಪಣೆ ಹೀಗಿತ್ತು: ಎರಡು ಥರ್ಮಾಕೋಲ್ ಪೆಟ್ಟಿಗೆ ಹೊಂದಿಸಿ ಗಾಳಿಗೆ ತೂತು ಮಾಡುವುದು, ಹಾವುಗಳನ್ನು ಬೇರೆ ಬೇರೆ ದಿಂಬಿನ ಚೀಲದಲ್ಲಿ ಹಾಕಿ ಒಳಗಿಡುವುದು, ಪಕ್ಕದಲ್ಲಿ ಬಿಸಿನೀರಿನ ಬಾಟಲಿ. ಬಾಟಲಿಗೆ ಬಟ್ಟೆ ಸುತ್ತಿರಬೇಕು. ಇಲ್ಲದಿದ್ದರೆ ಮೈ ಸುಟ್ಟರೂ ಹಾವು ಸರಿಯದೆ ಬಿದ್ದಿರುತ್ತದೆ. ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಗೆ ತರಲೇಬಾರದು. ಇಲಿ ಕೊಡಬಾರದು, ಚಳಿಯಲ್ಲಿ ಜೀರ್ಣವಾಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ. ಕೊನೆಯದನ್ನು ನನ್ನಾಕೆ ಸಂತೋಷದಿಂದ ಒಪ್ಪಿದಳು.

ಥರ್ಮಾಕೋಲ್ ಪೆಟ್ಟಿಗೆ ಮೀನಿನವನ ಹತ್ತಿರ ಸಿಕ್ಕಿತು. ಎರಡು ಸಲ ತೊಳೆದರೂ ಬಂಗುಡೆಯ ನೆನಪು ಅದರಲ್ಲಿ ಉಳಿಯಿತು. ಬಾಟಲಿಯದು ದೊಡ್ಡ ತಾಪತ್ರಯ. ಪ್ಲಾಸ್ಟಿಕ್ ಬಾಟಲಿ ಕುದಿನೀರಿಗೆ ಮುದುಡಿ ಕುಳಿತಿತು. ಆಗ ಪಕ್ಕದ ತೋಟದ ನಿವೃತ್ತ ಸುಬೇದಾರರ ನೆನಪಾಯಿತು. ಕೊಡಗಿನಲ್ಲಿ ಮಾಜಿ ಸೈನಿಕರ ಮನೆಯಲ್ಲಿ ಖಾಲಿ ರಮ್ ಬಾಟಲಿಗೆ ಬರವಿಲ್ಲ. ಕೇಳಿದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಖಾಲಿಯದ್ದೇ ಬೇಕೇ ಮಾಷ್ಟ್ರೇ?" ಎಂದರು. ಎಂಟು ಕೊಟ್ಟರು. ಒಂದು ಕುದಿನೀರು ಬಿದ್ದೊಡನೆ ಟಣ್ ಎಂದು ಸೀಳಿತು. ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಬೇಕೆಂಬ ಬುದ್ಧಿ ಆಮೇಲೆ ಬಂತು.

ಸುತ್ತಲು ಬಟ್ಟೆ? ಮನೆಯಲ್ಲಿದ್ದ ಬಟ್ಟೆಯೆಲ್ಲ ಬಚ್ಚಲಿನ ಒಲೆಯ ಮೇಲಿನ ಹಗ್ಗದಲ್ಲಿ ನಾಲ್ಕು ದಿನದಿಂದ ಹೊಗೆ ಕುಡಿಯುತ್ತಾ ಹಸಿಯಾಗಿಯೇ ತೂಗುತ್ತಿತ್ತು. ಒಣಗಿದ್ದದ್ದು ನನ್ನ ಉಣ್ಣೆಯ ಕಾಲುಚೀಲಗಳು ಮಾತ್ರ. ಹೇಳಿ ಮಾಡಿಸಿದ ಹಾಗೆ ಬಾಟಲಿಗೆ ಕೂತವು. ಏಳು ರಮ್ ಬಾಟಲಿಗಳು ಕಾಲುಚೀಲ ತೊಟ್ಟು ಸಾಲಾಗಿ ನಿಂತವು, ನಾನು ಬರಿಗಾಲಿನಲ್ಲಿ ಸಿಮೆಂಟು ನೆಲದ ಮೇಲೆ ನಿಂತೆ. ನನ್ನ ಸೊಂಟನೋವಿನ ರಬ್ಬರ್ ಚೀಲವೂ ಅದೇ ದಿನ ಮೆಣಸಿನ ಪಾಲಾಯಿತು.

ಬಾಟಲಿ ಮೂರು ಗಂಟೆಯ ಮೇಲೆ ಬಿಸಿ ಹಿಡಿಯುವುದಿಲ್ಲ. ಹಾಗಾಗಿ ರಾತ್ರಿ ಒಂಬತ್ತು, ಹನ್ನೆರಡು, ಮೂರು, ಆರು. ಮಗಳು ಎಳೆಗೂಸಾಗಿದ್ದಾಗಲೂ ನಾನು ಇಷ್ಟು ಸಲ ಎದ್ದಿರಲಿಲ್ಲ ಎಂದು ನನ್ನಾಕೆ ಕತ್ತಲಲ್ಲೇ ಹೇಳಿದಳು. ಹಂಡೆಯ ಒಲೆಗೆ ಊದಿ ಊದಿ ಹಸಿ ಸೌದೆಯ ಹೊಗೆಯಲ್ಲಿ ಕಣ್ಣು ಒರೆಸಿಕೊಂಡು ನೀರು ತುಂಬಿಸಬೇಕು. ಎರಡನೆಯ ರಾತ್ರಿ ಮೂರು ಗಂಟೆಗೆ ಬಾಟಲಿ ಬದಲಿಸುವಾಗ ಟಾರ್ಚಿನ ಬೆಳಕಿನಲ್ಲಿ ಶುಂಠಿ ಚೀಲದ ಬಾಯಿಯಿಂದ ಮೂತಿ ಹೊರಗಿಟ್ಟಿತು. ಮೇಲ್ದುಟಿಯ ಅಂಚಿನಲ್ಲಿ ಸೂಜಿಯಿಂದ ಚುಚ್ಚಿದಂಥ ಕುಳಿಗಳ ಸಾಲು; ಕತ್ತಲಲ್ಲಿ ಬಿಸಿಯನ್ನು ಅದರಿಂದಲೇ ಗುರುತಿಸುತ್ತದಂತೆ. ಬಾಟಲಿ ಒಂದು ಕಡೆ, ನನ್ನ ಮಣಿಕಟ್ಟು ಇನ್ನೊಂದು ಕಡೆ. ನಾಲಿಗೆಯನ್ನು ಎರಡು ಸಲ ಚಾಚಿ, ಯೋಚನೆ ಮಾಡಿ, ಬಾಟಲಿಯ ಕಡೆಗೆ ತಿರುಗಿತು. ಸ್ವಲ್ಪ ಅವಮಾನವಾಯಿತೆಂದೇ ಹೇಳಬೇಕು.

ಅಷ್ಟರಲ್ಲಿ ಆಗಸ್ಟ್ 3 ಬಂತು, ನಮ್ಮ ಕೊಡಗಿನ ಮಳೆಗಾಲದ ತಿಂಗಳಾದ ಕಕ್ಕಡದ ಹದಿನೆಂಟನೆಯ ದಿನ. ಆ ದಿನಕ್ಕೆ ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಎಂಬುದು ನಮ್ಮಲ್ಲಿನ ನಂಬಿಕೆ. ಅಮ್ಮ ಸೊಪ್ಪು ಬೇಯಿಸಿ, ನೇರಳೆ ಬಣ್ಣದ ನೀರು ಬಸಿದು ಪಾಯಸ ಮಾಡಿದರು. ಮೈಗೆ ಶಾಖ ಕೊಡುವಂಥದ್ದು. ಒಂದು ಬಟ್ಟಲು ನನಗೆ ಕೊಟ್ಟು, ಇನ್ನೊಂದನ್ನು ಹಿಡಿದು ಪೆಟ್ಟಿಗೆಯ ಮುಂದೆ ನಿಂತರು. ಹೆಡೆಯಿಲ್ಲದ ಹಾವಿಗೆ ಕೈ ಮುಗಿಯುವುದಿಲ್ಲ ಎಂದು ಎರಡು ವರ್ಷದಿಂದ ಹಟ ಹಿಡಿದವರು ಅವರೇ. ಹಾವು ಪಾಯಸ ಕುಡಿಯುವುದಿಲ್ಲ ಎಂದೆ. "ಹೆಸರು ನೋಡಿದರೆ ಶುಂಠಿ, ಮೆಣಸು. ಕಷಾಯಕ್ಕೂ ಬಾರದವು" ಎಂದು ಗೊಣಗಿ ಆ ಬಟ್ಟಲನ್ನೂ ನನಗೇ ಕೊಟ್ಟರು. ಮರುದಿನ ಮೂತ್ರ ಕೆಂಪಾಯಿತು. ಅದು ಮದ್ದಿನ ಗುಣ, ಗಾಬರಿಯಿಲ್ಲ.

ನಾಲ್ಕನೆಯ ಸಂಜೆ ಲೈನ್‌ಮನ್ ಬಂದ. ಪಾಪ, ಸುರಿವ ಮಳೆಯಲ್ಲಿ ಮರ ಕಡಿಸಿ, ಕಂಬ ಹತ್ತಿ ತೊಪ್ಪೆಯಾಗಿದ್ದ. ಒಲೆಯ ಹತ್ತಿರ ಕೂರಿಸಿ ಕಾಫಿ ಕೊಟ್ಟೆ. ಅವನ ಕಣ್ಣು ಸಾಲಾಗಿ ನಿಂತ ಬಾಟಲಿಗಳ ಮೇಲೆ ಬಿತ್ತು. ಒಂದನ್ನು ಎತ್ತಿ, ಕಾಲುಚೀಲ ಸರಿಸಿ, ಲೇಬಲ್ ಓದಿ, ಬಿರಡೆ ತೆಗೆದು ಮೂಸಿದ. "ಬರೀ ನೀರು ಸಾರ್" ಎಂದ, ಯಾರೋ ತೀರಿಕೊಂಡ ದನಿಯಲ್ಲಿ. ಪೆಟ್ಟಿಗೆಯೊಳಗೆ ಏನಿದೆ ಎಂದು ಅವನು ಕೇಳಲಿಲ್ಲ, ಬಂಗುಡೆಯ ವಾಸನೆಗೆ ಮೀನೆಂದೇ ತಿಳಿದಿರಬೇಕು. ನಾನೂ ಹೇಳಲಿಲ್ಲ. ಏಳೂವರೆಗೆ ಬಲ್ಬು ಹೊತ್ತಿತು.

ಹಾವುಗಳನ್ನು ಅವುಗಳ ಮನೆಗೆ ಸೇರಿಸಿ, ಮ್ಯಾಟ್ 32 ಡಿಗ್ರಿ ಮುಟ್ಟುವವರೆಗೆ ಕಾದು, ಬೇಗ ಮಲಗಿದೆ. ಮೂರು ಗಂಟೆಗೆ ಎಚ್ಚರವಾಯಿತು. ಎದ್ದೆ, ಒಲೆ ಊದಿದೆ, ಬಾಟಲಿ ತುಂಬಿಸಿದೆ, ಕಾಲುಚೀಲ ತೊಡಿಸಿದೆ, ಪೆಟ್ಟಿಗೆಯ ಬಳಿ ಬಂದೆ. ಥರ್ಮೋಸ್ಟಾಟಿನ ಕೆಂಪು ದೀಪ ನನ್ನನ್ನೇ ನೋಡುತ್ತಿತ್ತು. ಅಷ್ಟು ಕಷ್ಟಪಟ್ಟು ಕಾಯಿಸಿದ ನೀರನ್ನು ಚೆಲ್ಲಲು ಮನಸ್ಸಾಗಲಿಲ್ಲ. ಹಾಸಿಗೆಗೆ ಒಯ್ದು ಕಾಲ ಬಳಿ ಇಟ್ಟುಕೊಂಡೆ. ಕಾಲುಚೀಲಕ್ಕೂ ಆಗ ಬಂಗುಡೆಯ ವಾಸನೆ ಹತ್ತಿರುವುದು ಗೊತ್ತಾಯಿತು. ನನ್ನಾಕೆ ದಿಂಬನ್ನು ಎತ್ತಿಕೊಂಡು ಅಮ್ಮನ ಕೋಣೆಗೆ ಹೋದಳು.