ಏರಿಳಿಯುವ ಸ್ಟೀರಿಂಗು

ಸ್ಟೀರಿಂಗ್ ಒಂದೇ ಎತ್ತರದಲ್ಲಿ ನಿಂತಿರುವಷ್ಟು ಕಾಲ ಆ ಎತ್ತರದ ಬಗ್ಗೆ ಯಾರೂ ಮಾತಾಡುವುದಿಲ್ಲ. ನಮ್ಮ ಮನೆಯ ಹಳೇ ಪಿಕಪ್ಪಿನದೂ ಹಾಗೇ ನಡೆದಿತ್ತು. ಅಪ್ಪಯ್ಯ ಓಡಿಸುವಾಗ ಅದು ಹೊಟ್ಟೆಗೆ ಒತ್ತುತ್ತಿತ್ತು. ಉದ್ದ ಕಾಲಿನ ತಮ್ಮ ಕ್ಲಚ್ಚಿಗೆ ಕಾಲೆತ್ತಿದಾಗಲೆಲ್ಲ ಮೊಣಕಾಲು ಅದಕ್ಕೆ ಬಡಿಯುತ್ತಿತ್ತು. ಅತ್ತಿಗೆ ಬೆನ್ನಿಗೊಂದು, ಅಡಿಗೊಂದು ದಿಂಬು ಕೊಟ್ಟುಕೊಂಡು, ಸ್ಟೀರಿಂಗಿನ ಮೇಲಂಚಿನ ಕೆಳಗಿನ ಸಂದಿಯಿಂದ ರಸ್ತೆ ನೋಡುತ್ತಿದ್ದರು. ಮೂವರೂ ಇದೇ ಅವಸ್ಥೆಯಲ್ಲಿ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಇಳಿದು ಹತ್ತಿ ಬಂದವರೇ. ಗಾಡಿ ಅಂದ್ರೆ ಹೀಗೇ, ನಾವೇ ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕು ಅಂತ ಎಲ್ಲರೂ ನಂಬಿದ್ದೆವು.

ಹಾಗೆ ನೋಡಿದರೆ ಗುಂಡನೆಯ ಸ್ಟೀರಿಂಗೇ ಗಾಡಿಗೆ ತಡವಾಗಿ ಬಂದದ್ದು. ಮೊದಮೊದಲ ಕಾರುಗಳಿಗೆ ದೋಣಿಯ ಹಾಗೆ ಚುಕ್ಕಾಣಿ ಕೋಲು ಇರುತ್ತಿತ್ತು. 1894ರಲ್ಲಿ ಪ್ಯಾರಿಸ್‌ನಿಂದ ರೂವಾನ್‌ಗೆ ನಡೆದ ಕಾರು ಸ್ಪರ್ಧೆಗೆ ಆಲ್ಫ್ರೆಡ್ ವಾಶೆರಾನ್ ಎಂಬಾತ ತನ್ನ ಪನಾರ್ ಕಂಪನಿಯ ಗಾಡಿಗೆ ಸ್ಟೀರಿಂಗ್ ಚಕ್ರ ಜೋಡಿಸಿಕೊಂಡು ಬಂದ. ಅದು ಎಲ್ಲರಿಗೂ ಹಿಡಿಸಿತು. ಆದರೆ ಚಕ್ರ ಬಂದ ಮೇಲೆ ಅದರ ಮತ್ತು ಸೀಟಿನ ನಡುವೆ ನುಸುಳುವುದು ಒಂದು ಸಮಸ್ಯೆ ಆಯಿತು ನೋಡಿ. ಅಮೆರಿಕದವರು ಅದಕ್ಕೆ ಏನೇನೋ ಮಾಡಿದರು. ಫೋರ್ಡ್ ಕಂಪನಿಯ 1961ರ ಥಂಡರ್‌ಬರ್ಡ್ ಕಾರಿನಲ್ಲಿ, ಗಾಡಿ ನಿಲ್ಲಿಸಿ ಗೇರ್ ಪಾರ್ಕಿಗೆ ಹಾಕಿದರೆ, ಇಡೀ ಸ್ಟೀರಿಂಗನ್ನು ಪಕ್ಕಕ್ಕೆ ಸರಿಸಬಹುದಿತ್ತು. ಯಜಮಾನರು ಇಳಿಯಲಿ ಅಂತ ಬಾಗಿಲು ಬಿಟ್ಟು ನಿಲ್ಲುವ ಆಳಿನ ಮರ್ಯಾದೆ! ಅದೇ ದಶಕದಲ್ಲಿ ಜನರಲ್ ಮೋಟಾರ್ಸ್‌ನವರ ಏರಿಳಿಯುವ ಸ್ಟೀರಿಂಗೂ ಬಂತು. ಅದಕ್ಕೆ ಟಿಲ್ಟ್ ಅಂತ ಹೆಸರು. ನಮ್ಮಲ್ಲಿ ಅದು ದುಡ್ಡಿದ್ದವರ ಕಾರಿಗೆ ಮೊದಲು ಬಂತು. ಗೂಡ್ಸ್ ಗಾಡಿಯವನಿಗೆ ಆರಾಮ ಕೊಟ್ಟರೆ ನಿದ್ದೆ ಮಾಡಿಬಿಡ್ತಾನೆ ಅಂದುಕೊಂಡರೋ ಏನೋ, ನಮ್ಮ ಪಿಕಪ್ಪಿನ ಕಾಲಕ್ಕೆ ಈ ಸೌಕರ್ಯ ಅದರವರೆಗೆ ಇಳಿದಿರಲಿಲ್ಲ.

ವಿಷಯ ಎತ್ತಿದವರು ಮೇಸ್ತ್ರಿ. ಸ್ಟೀರಿಂಗ್ ಆಟ ಜಾಸ್ತಿ ಆಗಿದೆ ಅಂತ ಗಾಡಿ ತೋರಿಸಲು ಹೋದರೆ, ಅವರು ಅಡಿಗೆ ತಲೆ ಹಾಕಿ ಮಲಗಿದ್ದಲ್ಲಿಂದಲೇ ಹೇಳಿದರು. "ಇದೇ ಕಂಪನಿಯ ಜೀಪ್ ಥರದ ದೊಡ್ಡ ಗಾಡಿ ಬರ್ತಿತ್ತಲ್ಲ, ಅದರ ಕಾಲಮ್ಮು ಇದಕ್ಕೆ ಕೂರುತ್ತೆ. ಅದರದ್ದು ಮೇಲೆ ಕೆಳಗೆ ಆಗುತ್ತೆ. ಗುಜರೀಲಿ ಸಿಕ್ಕಿದ್ರೆ ತನ್ನಿ."

ಕಾಲಮ್ಮು ಅಂದರೆ, ಸ್ಟೀರಿಂಗಿನಿಂದ ಅಡಿಗೆ ಇಳಿಯುವ ಕಂಬ. ಸ್ಟೀರಿಂಗ್ ಆಟ ಅಂದರೆ, ಗಾಡಿಯ ಚಕ್ರ ತಿರುಗುವ ಮುಂಚೆ ಸ್ಟೀರಿಂಗು ಕೈಯಲ್ಲಿ ಸುಮ್ನೆ ತಿರುಗುವಷ್ಟು ಸಡಿಲ. ಇದಕ್ಕೂ ಕಾನೂನು ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮದ ಪ್ರಕಾರ 30 ಡಿಗ್ರಿ ಮೀರಬಾರದು. ಗಡಿಯಾರದಲ್ಲಿ ಹನ್ನೆರಡರಿಂದ ಒಂದರವರೆಗೆ. ಸರ್ಕಾರ ಇಷ್ಟು ಉದಾರಿ ಅಂತ ನನಗೆ ಗೊತ್ತಿರಲಿಲ್ಲ.

ಶಿವಮೊಗ್ಗದ ಗುಜರಿಯಲ್ಲಿ ಸುಮ್ನೆ ಸುತ್ತಾಡುವುದೇ ಒಂದು ಖುಷಿ. ಗಾಡಿಗಳು ಸತ್ತಿರುತ್ತವೆ, ಮಾಲೀಕರ ಭಕ್ತಿ ಮಾತ್ರ ಹಾಗೇ ಉಳಿದಿರುತ್ತದೆ. ಒಡೆದ ಗಾಜಿನ ಮೇಲೆ ಧರ್ಮಸ್ಥಳದ ಸ್ಟಿಕ್ಕರ್. ಬಂಪರ್ ಬಿದ್ದುಹೋಗಿದ್ದರೂ ಅದರ ಕಂಬಿಗೆ ಕಟ್ಟಿದ್ದ ನಿಂಬೆಹಣ್ಣು, ಮೆಣಸಿನಕಾಯಿ ಕರ್ರಗಾಗಿ ನೇತಾಡುತ್ತಿತ್ತು. ನಮಗೆ ಬೇಕಾದ ಗಾಡಿ ಮೂಲೆಯಲ್ಲಿ ಚಕ್ರವಿಲ್ಲದೆ ಕೂತಿತ್ತು. ಸ್ಟೀರಿಂಗಿನ ಮೇಲೆ ಕೈ ಹಿಡಿದ ಕಡೆ ಕಪ್ಪು ಬಣ್ಣ ಸವೆದು ನಯವಾಗಿತ್ತು. ಎಡಗಡೆಗಿಂತ ಬಲಗಡೆಯೇ ಜಾಸ್ತಿ. ಆ ಮಹಾಶಯ ಒಂದೇ ಕೈಯಲ್ಲಿ ಓಡಿಸುತ್ತಿದ್ದ ಅಂತ ಕಾಣುತ್ತದೆ.

ಇಂಥ ಕಡೆ ಕೇಳಬೇಕಾದ ಮುಖ್ಯ ಪ್ರಶ್ನೆ ರೇಟು ಅಲ್ಲ. "ಗಾಡಿ ಮುಂದೆ ಗುದ್ದಿದ್ದೋ, ಹಿಂದಿನಿಂದ ಗುದ್ದಿಸಿಕೊಂಡದ್ದೋ?" ಎಂಬುದು. ಯಾಕೆ ಅಂದರೆ, ಹಳೇ ಕಾಲದ ಕಾಲಮ್ಮು ಒಂದೇ ಗಟ್ಟಿ ಕಂಬಿ. ಮುಂದಿನಿಂದ ಗುದ್ದಿದರೆ ಅದು ನೇರವಾಗಿ ಎದೆಗೇ ಬರುತ್ತಿತ್ತು. 1960ರ ದಶಕದ ಕೊನೆಗೆ ಅಮೆರಿಕದಲ್ಲಿ ಗುದ್ದಿದಾಗ ಒಳಗೊಳಗೇ ಮಡಿಚಿಕೊಳ್ಳುವ ಕಾಲಮ್ಮು ಬಂತು, ಆಮೇಲೆ ಬೇರೆಯವರೂ ಹಿಡಿದರು. ಒಂದರೊಳಗೊಂದು ಜಾರುವ ಎರಡು ತುಂಡು. ಜಾರದಂತೆ ಹಿಡಿದಿರುವುದು ಪ್ಲಾಸ್ಟಿಕ್ಕಿನ ಸಣ್ಣ ಪಿನ್ನು. ಪೆಟ್ಟು ಬಿದ್ದರೆ ಪಿನ್ನು ತುಂಡಾಗುತ್ತದೆ, ಕಾಲಮ್ಮು ಗಿಡ್ಡ ಆಗುತ್ತದೆ, ಮನುಷ್ಯ ಉಳಿಯುತ್ತಾನೆ. ಒಂದು ಸಲ ಗಿಡ್ಡ ಆದ ಕಾಲಮ್ಮು ಮತ್ತೆ ಉಪಯೋಗಕ್ಕಿಲ್ಲ. ಬಿಚ್ಚುವಾಗ ತುದಿಗೆ ಸುತ್ತಿಗೆಯಿಂದ ಹೊಡೆದರೂ ಅದೇ ಕತೆ. ಹಾಗಾಗಿ ಗುಜರಿಯ ಹುಡುಗ ಅಭ್ಯಾಸಬಲದಿಂದ ಸುತ್ತಿಗೆ ಎತ್ತಿದಾಗ ನಾನು ಅಡ್ಡ ನಿಂತೆ. "ಪೂಜೆ ಮಾಡಿ ತಗೊಂಡು ಹೋಗ್ತೀರಾ ಸಾರ್?" ಅಂದ. ಈ ಗಾಡಿ ಹಿಂದಿನಿಂದ ಗುದ್ದಿಸಿಕೊಂಡದ್ದು. ಡಿಕ್ಕಿ ಅಪ್ಪಚ್ಚಿ ಆಗಿದ್ದುದು ನೋಡಿ ಇಷ್ಟು ಸಂತೋಷಪಟ್ಟವನು ನಾನೊಬ್ಬನೇ ಇರಬೇಕು.

ಕಾಲಮ್ಮಿಗೆ ಗೋಣಿ ಸುತ್ತಿ, ಹುರಿ ಬಿಗಿದು, ತೀರ್ಥಹಳ್ಳಿ ಬಸ್ಸು ಹತ್ತಿದೆ. ಸೀಟಿನ ಪಕ್ಕ ಅದನ್ನು ನಿಲ್ಲಿಸಿಕೊಂಡಾಗ ಬಸ್ಸಿನ ಅರ್ಧ ಜನ ತಿರುಗಿ ನೋಡಿದರು. ಮಲೆನಾಡಿನಲ್ಲಿ ಇಷ್ಟು ಉದ್ದದ ವಸ್ತುವಿಗೆ ಗೋಣಿ ಸುತ್ತಿದರೆ ಜನರಿಗೆ ನೆನಪಾಗುವುದು ಒಂದೇ. ಗಾಜನೂರು ದಾಟುವಷ್ಟರಲ್ಲಿ ಪಕ್ಕದ ಹಿರಿಯರು ತಡೆಯಲಾರದೆ ಕೇಳಿದರು. "ಎಲೆಕ್ಷನ್ ಬಂತಲ್ಲ, ಕೋವಿ ಠಾಣೆಗೆ ಕೊಡೋಕೆ ಹೊರಟಿದ್ದಾ?" ಚುನಾವಣೆ ಬಂದಾಗ ಲೈಸೆನ್ಸ್ ಕೋವಿಗಳನ್ನು ಪೊಲೀಸ್ ಠಾಣೆಯಲ್ಲಿ ಇಡಿಸಿಕೊಳ್ಳುವುದು ನಮ್ಮ ಕಡೆ ಮಾಮೂಲು. ಅಲ್ಲ, ಸ್ಟೀರಿಂಗ್ ಕಾಲಮ್ಮು ಅಂದೆ. ಅವರಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಮಂಡಗದ್ದೆಯಲ್ಲಿ ಇಳಿಯುವಾಗ ದನಿ ತಗ್ಗಿಸಿ, "ಮಂಗನ ಕಾಟ ಎಲ್ಲರಿಗೂ ಉಂಟು ಮಾರಾಯ" ಅಂತ ಸಮಾಧಾನ ಹೇಳಿ ಹೋದರು.

ಕೂರಿಸುವ ಕೆಲಸದಲ್ಲಿ ನನ್ನ ಪಾತ್ರ ಟಾರ್ಚ್ ಹಿಡಿಯುವುದು. ಮೇಸ್ತ್ರಿ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿದರು. ಮುಂದಿನ ಚಕ್ರ ನೇರ ನಿಲ್ಲಿಸಿ, ಕಾಲಮ್ಮಿನೊಳಗೆ ತಿರುಗುವ ಶಾಫ್ಟಿಗೂ ಅದರ ಅಡಿಯ ಜಾಯಿಂಟಿಗೂ ಒಂದೇ ಗೆರೆಯಲ್ಲಿ ಬಿಳಿ ಬಣ್ಣದ ಗುರುತು ಹಾಕಿದರು. ಸ್ಟೀರಿಂಗಿನ ನಟ್ಟು ಸಡಿಲ ಮಾಡಿದರೂ ಪೂರ್ತಿ ತೆಗೆಯಲಿಲ್ಲ. ಒಂದೆರಡು ಸುತ್ತು ಬಿಟ್ಟು, ಚಕ್ರ ಎಳೆದು ಕೀಳುವ ಪುಲ್ಲರ್ ಹಾಕಿದರು. "ಪೂರ್ತಿ ಬಿಚ್ಚಿದ್ರೆ ಚಕ್ರ ಎಗರಿ ಮುಖಕ್ಕೇ ಬರುತ್ತೆ. ಮೂಗು ಉಳೀಬೇಕಲ್ಲ." ಅಡಿಯ ಜಾಯಿಂಟಿನ ಬೋಲ್ಟು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಒದ್ದೆ ಕಾಲು, ಕೆಸರು ಚಪ್ಪಲಿ, ಛತ್ರಿಯ ನೀರು ಎಲ್ಲ ಇಳಿಯುವುದು ಅಲ್ಲಿಗೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ. ನಮ್ಮೂರಿಗೆ ಅಷ್ಟಿಲ್ಲ. ಒಂದು ಬೋಲ್ಟು ತುಕ್ಕು ಹಿಡಿಯಲು ಅಷ್ಟೆಲ್ಲ ಬೇಕಾಗಿಯೂ ಇಲ್ಲ.

ನನಗೆ ಎಲ್ಲಕ್ಕಿಂತ ಮಜಾ ಅನಿಸಿದ್ದು ಕೀ ಹಾಕುವ ಲಾಕು. ಗುಜರಿ ಗಾಡಿಯ ಕೀ ಇಲ್ಲ. ಅದರ ಲಾಕು ತೆಗೆದು ನಮ್ಮದನ್ನು ಹಾಕಬೇಕು. ನೋಡಿದರೆ ಆ ಬೋಲ್ಟುಗಳಿಗೆ ತಲೆಯೇ ಇಲ್ಲ! ಬಿಗಿ ಮಾಡುತ್ತಾ ಹೋದ ಹಾಗೆ ತಲೆ ತಾನಾಗಿ ತುಂಡಾಗಿ ಬೀಳುವಂತೆ ಮಾಡಿರುತ್ತಾರಂತೆ. ಕಳ್ಳನ ಸ್ಪಾನರಿಗೆ ಹಿಡಿಯಲು ಏನೂ ಸಿಗಬಾರದು ಅಂತ. ನಮ್ಮ ಹಳೇ ಕಾಲಮ್ಮಿನ ಮೇಲೆ ಮೇಸ್ತ್ರಿ ಉಳಿ, ಸುತ್ತಿಗೆ ಧಾರಾಳವಾಗಿ ಪ್ರಯೋಗಿಸಿದರು. ಅದು ಹೇಗೂ ಗುಜರಿಗೆ ಹೋಗುವುದು. ತಂದದ್ದಕ್ಕೆ ಮಾತ್ರ ಸಣ್ಣ ಡ್ರಿಲ್ ಹಿಡಿದು, ಉಸಿರು ಬಿಗಿಹಿಡಿದು ಕೂತರು. ಪಕ್ಕದ ಶೆಡ್ಡಿನ ವೆಲ್ಡಿಂಗ್‌ನವನು ಬಂದು ನೋಡಿ, ಶಾಫ್ಟು ಉದ್ದ ಗಿಡ್ಡ ಬಂದ್ರೆ ಹೇಳಿ, ಕತ್ತರಿಸಿ ಅಂಟಿಸಿ ಕೊಡ್ತೀನಿ ಅಂದ. ನಮ್ಮೂರಲ್ಲಿ ಗೇಟು, ಮಂಚ, ಸ್ಪ್ರೇ ಪಂಪು ಎಲ್ಲವೂ ಅವನ ಕೈಯಲ್ಲೇ ಪುನರ್ಜನ್ಮ ಪಡೆದವು. ಮೇಸ್ತ್ರಿ ತಲೆ ಎತ್ತದೆ ಹೇಳಿದರು. "ಸ್ಟೀರಿಂಗ್ ಶಾಫ್ಟಿಗೆ ವೆಲ್ಡಿಂಗ್ ಬೇಡ. ಅದು ಬಿಟ್ಟರೆ ಬಿಡೋದು ಘಾಟೀಲೇ." ಪುಣ್ಯಕ್ಕೆ ಉದ್ದವೂ ಸರಿಯಾಯಿತು, ಶಾಫ್ಟಿನ ಹಲ್ಲೂ ಹಲ್ಲಿಗೆ ಕೂತಿತು. ಸವೆದ ಜಾಯಿಂಟನ್ನೂ ಬದಲಿಸಿದ್ದರಿಂದ ಆಟವೂ ಹೋಯಿತು. ಹಾರ್ನ್ ಮಾತ್ರ ಬಲಕ್ಕೆ ತಿರುಗಿಸಿದಾಗಷ್ಟೇ ಕೂಗುತ್ತಿತ್ತು. ಅದನ್ನೂ ಸರಿ ಮಾಡಿಕೊಟ್ಟರು.

ಒಟ್ಟು ಮೂರು ಬೆರಳಗಲದ ಓಡಾಟ. ಬುಡದಲ್ಲೊಂದು ಕೀಲು, ಡ್ಯಾಶ್‌ಬೋರ್ಡಿನ ಅಡಿ ಬಾಗಿದ ಒಂದು ಸೀಳು, ಸೀಳಿನಲ್ಲಿ ತೂರಿದ ಬೋಲ್ಟಿಗೊಂದು ಲಿವರ್. ಎಳೆದರೆ ಸಡಿಲ, ತಳ್ಳಿದರೆ ಬಿಗಿ. ಇಷ್ಟೇ. ಆದರೆ ಇಷ್ಟು ವರ್ಷ ಸುಮ್ಮನಿದ್ದವರಿಗೆಲ್ಲ ಈಗ ಅವರವರದೇ ಎತ್ತರ ಹುಟ್ಟಿಕೊಂಡಿತು. ಅಪ್ಪಯ್ಯನಿಗೆ ತುತ್ತತುದಿಗೆ ಬೇಕು. ಅತ್ತಿಗೆಗೆ ಪೂರಾ ಕೆಳಗೆ. ತಮ್ಮನಿಗೆ ನಡುವಿನಿಂದ ಒಂದು ಚೂರು ಮೇಲೆ, ಆ ಚೂರು ಎಷ್ಟು ಅಂತ ಅವನಿಗೇ ಗೊತ್ತು. ಗಾಡಿ ಹತ್ತಿದವರು ಕೀ ತಿರುಗಿಸುವ ಮುಂಚೆ ಹಿಂದಿನವರಿಗೆ ಒಂದು ಮಾತು ಬೈಯುವುದು ಪದ್ಧತಿಯಾಯಿತು. ಪೇಟೆಗೆ ಹೋಗಿಯೇ ಇಲ್ಲ ಅಂದಿದ್ದ ತಮ್ಮ ಸಿಕ್ಕಿಬಿದ್ದದ್ದೂ ಆ ಒಂದು ಚೂರಿನಿಂದಲೇ. ಅವನು ಒಮ್ಮೆ ಓಡುವ ಗಾಡಿಯಲ್ಲೇ ಲಿವರ್ ಎಳೆಯಲು ಹೋದ. ಅಪ್ಪಯ್ಯ ಗಾಡಿ ನಿಲ್ಲಿಸಿ, ಅವನನ್ನು ಇಳಿಸಿ, ತಾವೇ ಓಡಿಸಿಕೊಂಡು ಹೋದರು. ಅದು ಸರಿಯೇ. ಲಿವರ್ ಮುಟ್ಟುವುದು ಗಾಡಿ ನಿಂತಿದ್ದಾಗ ಮಾತ್ರ.

ಈ ಜಗಳಕ್ಕೆಲ್ಲ ಅಮ್ಮ ದೂರ. ಅವರಿಗೆ ಗಾಡಿ ಓಡಿಸಲು ಬರುವುದಿಲ್ಲ. ಆದರೆ ನಿಲ್ಲಿಸಿದ್ದ ಗಾಡಿಯ ಸ್ಟೀರಿಂಗು ಬೆಳಗ್ಗೆ ಇದ್ದದ್ದು ಮಧ್ಯಾಹ್ನಕ್ಕೆ ತುತ್ತತುದಿಗೆ ಏರಿರುತ್ತಿತ್ತು. ಅಪ್ಪಯ್ಯ ಮನೆಯಲ್ಲೇ ಇರುತ್ತಿದ್ದರು. ಯಾರು ಅಂತ ಕೆಲವು ದಿನ ಗೊತ್ತಾಗಲಿಲ್ಲ. ಹಲಸಿನ ಹಪ್ಪಳದ ಕಾಲ. ಮಳೆ ಮೋಡ ಆಗಲೇ ಸುಳಿಯುತ್ತಿತ್ತು, ಅಂಗಳದಲ್ಲಿ ಹಾಕಿದರೆ ಮಂಗ ಬಿಡುತ್ತಿರಲಿಲ್ಲ. ಗಾಜು ಏರಿಸಿದ ಕ್ಯಾಬಿನ್ ಒಳಗೆ ಇಷ್ಟು ಬಿಸಿಲು ಬಿದ್ದರೂ ಒಲೆ ಹಾಗೆ ಕಾಯುತ್ತದೆ, ಅಲ್ವಾ? ಸ್ಟೀರಿಂಗ್ ಮೇಲೆತ್ತಿದರೆ ಡ್ರೈವರ್ ಸೀಟಿನ ಮೇಲೆ ದೊಡ್ಡ ಮೊರ ಸರಿಯಾಗಿ ಕೂರುತ್ತದೆ. ಮೊದಲಿನ ಸ್ಟೀರಿಂಗಿಗೆ ಮೊರದ ಅಂಚು ತಾಗುತ್ತಿತ್ತಂತೆ. ಅಂದರೆ ಮೊದಲೂ ಪ್ರಯತ್ನ ನಡೆದಿತ್ತು.

ಈಗ ಏಪ್ರಿಲ್, ಮೇ ತಿಂಗಳಲ್ಲಿ ಅಡಿಕೆ ಮೂಟೆ ಹೇರುವ ಮುಂಚೆ ತಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಾನೆ. "ಅಮ್ಮಾ, ಗಾಡಿ ತಗೊಂಡು ಹೋಗ್ಲಾ?" ಒಳಗಿನಿಂದ ಉತ್ತರ ಬರುತ್ತದೆ. "ತಡಿಯಾ, ಇನ್ನೊಂದು ಮಗ್ಗುಲು ಒಣಗಿಲ್ಲ."