ದಿನಾ ನಳ ಬರೋ ಊರು

ಆದರ್ಶ ಸಮಾಜದ ಕನಸು ಎಲ್ಲರಿಗೂ ಒಂದೇ ಎಂದು ಲೇಖಕರೊಬ್ಬರು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ಹಳೇ ಹುಬ್ಬಳ್ಳಿಯ ನಮ್ಮ ಓಣಿಗೆ ವಾರಕ್ಕೊಮ್ಮೆ ನಳ ಬರುತ್ತಿದ್ದ ವರ್ಷಗಳಲ್ಲಿ ಅವ್ವ ರಾತ್ರಿ ಎರಡಕ್ಕೆ ಎದ್ದು ಹಂಡೆ, ಬ್ಯಾರಲ್, ಕೊಡ, ಕೊನೆಗೆ ಚಹಾದ ಬೋಗುಣಿಯನ್ನೂ ತುಂಬಿಡುತ್ತಿದ್ದಳು. "ಸ್ವರ್ಗ ಹೆಂಗಿರತೈತಿ ಬೇ?" ಅಂತ ಕೇಳಿದರೆ, "ದಿನಾ ನಳ ಬರತೈತಿ, ಮತ್ತೇನ" ಅನ್ನುತ್ತಿದ್ದಳು. 2008ರ ಸುಮಾರಿಗೆ ಅವಳಿ ನಗರದ ಕೆಲವೇ ವಾರ್ಡುಗಳಿಗೆ ಇಪ್ಪತ್ನಾಲ್ಕು ತಾಸೂ ನೀರು ಬರತೊಡಗಿತು. ಅಲ್ಲಿದ್ದ ನಮ್ಮ ಕಾಕು ವರ್ಷದೊಳಗೆ ನೀರಿನ ಮಾತೇ ಬಿಟ್ಟಳು. ಮಕ್ಕಳು ಬೆಂಗಳೂರಿಗೆ ಹೋಗದೆ ಇಲ್ಲೇ ನೌಕರಿ ಮಾಡಬೇಕು ಅನ್ನುವುದು ಅವಳ ಹೊಸ ಕನಸು.

ಚಮ್ಮಾರ ಕುಲದ ಸಂತ ರವಿದಾಸರು ಹಾಡಿದ ಬೇಗಂಪುರ, ಅಂದರೆ ದುಃಖವೇ ಇಲ್ಲದ ಕನಸಿನ ಊರು. ಅಲ್ಲಿ ಕಂದಾಯವಿಲ್ಲ, ಯಾರು ಎಲ್ಲಿ ಬೇಕಾದರೂ ಓಡಾಡಬಹುದು. ಓಡಾಟಕ್ಕೆ ಎಂದೂ ತಡೆ ಕಾಣದವರಿಗೆ ಆ ಕನಸು ಬಿದ್ದೀತೇ?

ಭಯವೂ ಹಾಗೇ. ಸಾಫ್ಟ್‌ವೇರ್ ಕೆಲಸದ ನಮ್ಮ ಅಣ್ಣನ ಮಗ ಕ್ಯಾಮೆರಾ, ಮೊಬೈಲುಗಳೇ ಮನುಷ್ಯರ ಮೇಲೆ ಸದಾ ಕಣ್ಣಿಡುವ ನಾಳೆಯನ್ನು ನೆನೆದು ಹೆದರುತ್ತಾನೆ. ನವಲಗುಂದದ ಮಾವನಿಗೆ ಆ ಮಾತು ಕಿವಿಗೇ ಬೀಳುವುದಿಲ್ಲ. ಹಿಂಗಾರಿ ಮಳೆ ಕೈಕೊಟ್ಟು, ಎರೆ ಹೊಲ ಕಾಲು ಸಿಗುವಷ್ಟು ಬಿರಿದು, ಕಡಲೆ ಒಣಗಿ ನಿಂತ ವರ್ಷಗಳನ್ನು ಅವನು ಕಂಡಿದ್ದಾನೆ. ಅವನ ಪ್ರಳಯ ಆಗಲೇ ಬಂದು ಹೋಗಿದೆ.